ನಲವತ್ತೈದರ ತಟ್ಟೆ, ಎಪ್ಪತ್ತೆಂಟರ ಓಟ

ಆ ಗ್ರಾಮಫೋನ್ ತಟ್ಟೆಯನ್ನು ನಮ್ಮ ಕಡೆ ತಪ್ಪಾಗಿ ಕೇಳಿದವರು ಒಂಬತ್ತು ಜನ. ಸರಿಯಾಗಿ ಕೇಳಿದವರು ನಾಲ್ಕು ಜನ. ಎರಡೂ ಸಲ ಇದ್ದವರು ಇಬ್ಬರು: ಅದರಲ್ಲಿ ನುಡಿಸಿದವರು ಮತ್ತು ನಾನು.

ನುಡಿಸಿದವರು ಹರಿಹರದವರು. ಒಕ್ಕಲುತನದ ಮನೆ, ನಂದಿಗುಡಿಯ ಕಡೆ ಅವರ ಗದ್ದೆ ಇತ್ತು. ಹದಿನೆಂಟನೇ ವಯಸ್ಸಿಗೆ ಪಲ್ಟನ್ ಸೇರಿ, ಅಲ್ಲಿನ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಲಿತು, ಬಿಡುಗಡೆಯಾದ ಮೇಲೆ ಬೊಂಬಾಯಿಯ ಹೋಟೆಲುಗಳಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಾಜ್ ನುಡಿಸಿದ್ದರು. ತಂದೆ ತೀರಿಕೊಂಡ ಮೇಲೆ ಊರಿಗೆ ಮರಳಿದರು. ಗದ್ದೆ ತಮ್ಮನ ಕೈಗೆ ಬಂತು, ವಾದ್ಯ ಇವರ ಕೈಯಲ್ಲೇ ಉಳಿಯಿತು. ದಾವಣಗೆರೆಯ ಒಂದು ಬ್ಯಾಂಡ್ ಸೆಟ್ಟಿಗೆ ಸೇರಿ ಮದುವೆ, ಮೆರವಣಿಗೆ, ಶವಯಾತ್ರೆಗಳಿಗೆ ಊದತೊಡಗಿದರು.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ದಾವಣಗೆರೆಯಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಹತ್ತಿಯ ಧಾರಣೆ, ಗಿರಣಿಯ ಮುಷ್ಕರ, ಪುರಸಭೆಯ ಜಗಳ. ಸಂಗೀತ ನನ್ನ ವಿಷಯವಾಗಿರಲಿಲ್ಲ. ಅವರನ್ನು ಮೊದಲು ಕಂಡದ್ದು ಒಂದು ಮದುವೆಯ ಮೆರವಣಿಗೆಯಲ್ಲಿ. ಯಾರದೋ ಅಳತೆಗೆ ಹೊಲಿದ ಕೆಂಪು ಕೋಟು ಅವರ ಭುಜದಿಂದ ಜಾರುತ್ತಿತ್ತು. ಸೆಟ್ಟಿನವರೆಲ್ಲ ಒಂದು ಸಿನಿಮಾ ಹಾಡು ನುಡಿಸುತ್ತಿದ್ದರು. ಸಾಲು ಮುಗಿದಲ್ಲೆಲ್ಲ ಇವರೊಬ್ಬರು ಮುಗಿಸುತ್ತಿರಲಿಲ್ಲ. ಇನ್ನೂ ನಾಲ್ಕೈದು ಸ್ವರ ತಮ್ಮದೇ ದಾರಿಯಲ್ಲಿ ಹೋಗಿ ಬಂದು, ಮುಂದಿನ ಸಾಲಿಗೆ ಸರಿಯಾಗಿ ಕೂಡಿಕೊಳ್ಳುತ್ತಿದ್ದರು. ವರನ ಸೋದರಮಾವ ಮೆರವಣಿಗೆ ನಿಲ್ಲಿಸಿ, ಸೊಂಡಿಲಿನಂತೆ ಬಾಗಿದ ಆ ವಾದ್ಯದ ಕಡೆ ಕೈ ತೋರಿಸಿದ.

"ಏಯ್ ಸೊಂಡ್ಲಪ್ಪಾ, ಹಾಡು ಬಾರ್ಸೋ ಅಂದ್ರೆ ಏನದು ಹಿಂದ್ಗಡೆ ಕುಂಯ್ಗುಡಸ್ತೀಯಾ?"

ಅವರು ವಾದ್ಯ ಬಾಯಿಂದ ತೆಗೆದರು. "ಹಾಡು ಮುಗೀತ್ರಿ. ಉಸುರು ಉಳಿದಿತ್ತು."

"ಉಳಿದಿದ್ರೆ ಮನಿಗೆ ಒಯ್ಯಿ. ನಮ್ ಮದ್ವಿಯಾಗೆ ಖರ್ಚು ಮಾಡಬ್ಯಾಡ."

ಸುತ್ತ ನಿಂತವರು ನಕ್ಕರು. ಸೆಟ್ಟಿನ ಕ್ಲಾರಿನೆಟ್ಟಿನವನೂ ನಕ್ಕ. ಅವನಿಗೆ ನಗುವ ಹಕ್ಕಿರಲಿಲ್ಲ. ಆ ಐದು ಸ್ವರಗಳನ್ನು ಅವನು ಜನ್ಮದಲ್ಲಿ ನುಡಿಸಲಾರ.

ಕೆಲವು ದಿನಗಳ ಮೇಲೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಅವರ ಎದುರಿನ ಬೆಂಚಿನಲ್ಲೇ ಕೂತೆ. ಮೆಣಸಿನಕಾಯಿ ಬಜ್ಜಿಯನ್ನು ಅವರು ದವಡೆಯ ಹಲ್ಲಿನಲ್ಲಿ, ತಲೆ ಓರೆ ಮಾಡಿ ಕಚ್ಚುತ್ತಿದ್ದರು. ಯಾಕೆಂದು ಕೇಳಿದೆ. ಮೇಲಿನ ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು. ವಸಡು ಕೊಳೆತು ಕೀವಾಗಿತ್ತು. ಸ್ಯಾಕ್ಸೋಫೋನಿನ ಬಾಯಿ ನಿಲ್ಲುವುದೇ ಆ ಹಲ್ಲುಗಳ ಮೇಲೆ. ಹೆಚ್ಚೆಂದರೆ ದೀಪಾವಳಿವರೆಗೆ, ಆಮೇಲೆ ಕೀಳಲೇಬೇಕು ಎಂದು ಡಾಕ್ಟರು ಹೇಳಿದ್ದರು.

"ಕಟ್ಟಿಸಿದ ಹಲ್ಲಾಗೆ ಬಾರ್ಸಾರು ಅದಾರೆ ಅಂತಾರೆ," ಅಂದರು. "ನನ್ ಕೈಲಿ ಆಗಂಗಿಲ್ಲ. ಅದ್ರೊಳಗೆ ಒಂದು ಸಂಜಿ ಸಿಕ್ರೆ ಸಾಕು ನೋಡ್ರಿ. ಕೆಂಪು ಕೋಟು ಬ್ಯಾಡ, ಮದ್ವಿ ಬ್ಯಾಡ. ಕುರ್ಚಿ ಮ್ಯಾಲೆ ಕುಂತು ಒಂದು ತಾಸು ನನ್ನ ಬಾಜಾ ನಾನು ಬಾರಿಸ್ಬೇಕು. ನಮ್ ಜನ ಎದುರಿಗಿರಬೇಕು. ಬೊಂಬಾಯಾಗೆ ಎಲ್ಲಾರೂ ಕೇಳಿದ್ರು, ಇಲ್ಲಿ ಯಾರೂ ಕೇಳಿಲ್ಲ."

ಬೊಂಬಾಯಿಯ ಸಿನಿಮಾ ಹಾಡುಗಳ ನಡುವೆ ಬರುವ ಎಷ್ಟೋ ತುಣುಕುಗಳನ್ನು ತಾನೇ ನುಡಿಸಿದ್ದೆಂದೂ ಹೇಳಿದರು. ಅದನ್ನು ಪರಿಶೀಲಿಸಲು ನನಗೆ ಆಗಲಿಲ್ಲ; ಹಾಗಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರಿಶೀಲಿಸಲು ಆದದ್ದು ಒಂದು ತಟ್ಟೆ. ಚಿಕ್ಕದು, ಎರಡು ಮುಖಗಳಲ್ಲಿ ನಾಲ್ಕು ಜಾಜ್ ರಚನೆಗಳು. ಹೊದಿಕೆಯ ಮೇಲೆ ಪಿಯಾನೋದವನ ಹೆಸರು ದಪ್ಪಕ್ಷರದಲ್ಲಿತ್ತು. ಇವರ ಹೆಸರು ಎಲ್ಲೂ ಇರಲಿಲ್ಲ. ಚಿತ್ರದಲ್ಲಿ ಐವರು ನಿಂತಿದ್ದರು; ಕೊನೆಯವರು ಇವರು, ಅರ್ಧ ಮುಖ ಹೊದಿಕೆಯ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು. ತಟ್ಟೆಯ ನಡುವಿನ ಚೀಟಿಯ ಮೇಲೆ ಓಟದ ಸಂಖ್ಯೆ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು, ಅಚ್ಚಾಗಿತ್ತು: ನಲವತ್ತೈದು. ಅದನ್ನು ನಾನು ನನ್ನ ಕಣ್ಣಾರೆ ಓದಿದೆ.

ಊರಿನ ಒಂದು ಸಂಗೀತ ಸಮಿತಿ ಪ್ರತಿವರ್ಷ ಗಣೇಶನ ಹಬ್ಬದ ಆಸುಪಾಸು ಐದು ಸಂಜೆ ಕಛೇರಿ ಏರ್ಪಡಿಸುತ್ತಿತ್ತು. ಆ ವರ್ಷ ಒಂದು ಸಂಜೆ ಖಾಲಿ ಇತ್ತು. ಅರ್ಜಿ ಹಾಕಿ ಎಂದು ಅವರಿಗೆ ಹೇಳಿದವನು ನಾನೇ. ಅರ್ಜಿ ಬರೆದುಕೊಟ್ಟವನೂ ನಾನೇ. ಹೊಸ ಕಲಾವಿದರನ್ನು ಸಮಿತಿಯವರು ಮೊದಲು ಕೇಳಿ ನೋಡುವ ಪದ್ಧತಿ ಇತ್ತು. ಇವರನ್ನು ಕೇಳುವ ಸಭೆ ಶ್ರಾವಣದ ಒಂದು ಭಾನುವಾರ ಬೆಳಗ್ಗೆ, ಅಧ್ಯಕ್ಷರ ಮನೆಯಲ್ಲಿ. ಅಧ್ಯಕ್ಷರು ಹತ್ತಿ ವ್ಯಾಪಾರಿ, ಊರಿಗೆಲ್ಲ ಸಾಹುಕಾರರು. ಸದಸ್ಯರು ಆರು ಜನ. ನಾನು ಪತ್ರಿಕೆಯ ಪರವಾಗಿ ಮೂಲೆಯ ಕುರ್ಚಿಯಲ್ಲಿದ್ದೆ.

ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಪ್ಪು ಪೆಟ್ಟಿಗೆಯಲ್ಲಿ ವಾದ್ಯ ಹಿಡಿದು ಬಂದರು. ಸಾಹುಕಾರರು ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ತಪ್ಪು ತಿಳ್ಕಾಬ್ಯಾಡ್ರಿ. ನೀವು ಬರ್ರಿ, ಕೂಡ್ರಿ. ಆ ಸಾಮಾನು ಹೊರಗಿರ್ಲಿ. ಹೆಣದ ಮುಂದೆ ಊದಿದ್ದಲ್ಲೇನ್ರಿ ಅದು? ಒಳಗೆ ಪೂಜಿ ಕೋಣಿ ಐತೆ."

"ನುಡಿಸಿ ತೋರಸ್ರಿ ಅಂತ ಹೇಳಿದ್ರಿ."

"ಪ್ಲೇಟು ಐತಂತಲ್ಲ. ಪ್ಲೇಟಿಗೆ ಮಡಿ ಮೈಲಿಗಿ ಏನೂ ಇಲ್ಲ. ಅದನ್ನ ಹಾಕಿ ಕೇಳ್ತೀವಿ."

ಅವರು ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಟ್ಟು, ಅದು ಕಾಣುವಂತೆ ಬಾಗಿಲ ಪಕ್ಕದಲ್ಲಿ ಕೂತರು. ಬಾಗಿಲಾಚೆ ಉಳಿದ ವಾದ್ಯಕ್ಕೂ ಒಳಗೆ ಬಂದ ಬಾಯಿಗೂ ವ್ಯತ್ಯಾಸ ಕಂಡುಹಿಡಿದ ಆ ಬುದ್ಧಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಪಡಸಾಲೆಯಲ್ಲಿ ರೇಡಿಯೋ, ಗ್ರಾಮಫೋನ್ ಎರಡೂ ಸೇರಿದ ಸಾಹುಕಾರರ ರೇಡಿಯೋಗ್ರಾಮ್ ಇತ್ತು. ಊರಿನಲ್ಲಿ ಅಂಥವು ಬೆರಳೆಣಿಕೆಯಷ್ಟು. ಮೂರು ಓಟಕ್ಕೆ ತಿರುಗಿಸುವ ಒಂದು ಪುಟ್ಟ ಸನ್ನೆಗೋಲು ಅದರ ಬದಿಯಲ್ಲಿತ್ತು. ಆ ಮನೆಯಲ್ಲಿದ್ದವೆಲ್ಲ ಹಳೆಯ ಎಪ್ಪತ್ತೆಂಟರ ತಟ್ಟೆಗಳು, ವಚನಗಳು, ಭಕ್ತಿಗೀತೆಗಳು. ಹಾಗಾಗಿ ಸನ್ನೆ ಸದಾ ಎಪ್ಪತ್ತೆಂಟರಲ್ಲೇ ಇರುತ್ತಿತ್ತು. ಸಾಹುಕಾರರ ತಾಯಿ ಪ್ರತಿ ಆಯುಧಪೂಜೆಗೆ ಮನೆಯ ಎಲ್ಲ ಯಂತ್ರಗಳಿಗೂ ವಿಭೂತಿ ಹಚ್ಚಿ ಅರಿಶಿನದ ದಾರ ಕಟ್ಟುತ್ತಿದ್ದರು. ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ, ಕಾರಿನ ಚಕ್ರಕ್ಕೆ. ರೇಡಿಯೋಗ್ರಾಮಿನಲ್ಲಿ ದಾರ ನಿಲ್ಲುವ ಜಾಗ ಆ ಸನ್ನೆಯೊಂದೇ. ಅದನ್ನು ಮೂರು ಸುತ್ತು ಬಿಗಿದು ಪಕ್ಕದ ಹಿಡಿಗೆ ಸೇರಿಸಿ ಗಂಟು ಹಾಕಿದ್ದರು. ಕಟ್ಟಿದ ದಾರವನ್ನು ಯಾರೂ ಬಿಚ್ಚಬಾರದು, ತಾನಾಗಿ ಸವೆದು ಉದುರಬೇಕು ಎಂಬುದು ಆ ಮನೆಯ ಕಟ್ಟಳೆ. ಹಿಂದಿನ ದಸರೆಯದು ಇನ್ನೂ ಗಟ್ಟಿಯಾಗಿತ್ತು.

ಸಾಹುಕಾರರು ತಟ್ಟೆ ಇಟ್ಟು ಮುಳ್ಳು ಇಳಿಸಿದರು. ನಲವತ್ತೈದರ ತಟ್ಟೆ ಎಪ್ಪತ್ತೆಂಟರಲ್ಲಿ ತಿರುಗಿತು. ಪಿಯಾನೋ ಗಾಜಿನ ಚೂರುಗಳಂತೆ ಉದುರಿತು. ಅದರ ಮೇಲೆ ಏನೋ ಒಂದು, ಬಾಲ ತುಳಿಸಿಕೊಂಡ ಪ್ರಾಣಿಯ ಹಾಗೆ, ಕೀಚುಗುಟ್ಟುತ್ತ ಓಡಿತು.

ಸದಸ್ಯರಲ್ಲೊಬ್ಬರಾದ ವಕೀಲರು ತೊಡೆ ತಟ್ಟಿಕೊಂಡರು. "ಸರ್ಕಸ್ಸಾಗೆ ಕೋತಿ ಸೈಕಲ್ ಹೊಡಿಯಾವಾಗ ಹಾಕ್ತಾರಲ್ರಿ, ಇದೇ ಅದು!"

ಇಡೀ ಪಡಸಾಲೆ ನಕ್ಕಿತು. ಬಾಗಿಲ ಪಕ್ಕದಲ್ಲಿ ವಾದಕರು ಎದ್ದು ನಿಂತಿದ್ದರು.

"ಓಟ ತಪ್ಪೈತ್ರಿ," ಅಂದರು. "ನಲವತ್ತೈದಕ್ಕೆ ಇಡ್ರಿ. ಸನ್ನಿ ಒಂಚೂರು ತಿರುಗಿಸ್ರಿ." ಹಾಗೆಂದು ಕೈ ಚಾಚಿದರು.

"ಮುಟ್ಟಬ್ಯಾಡ್ರಿ!" ಸಾಹುಕಾರರು ಅಡ್ಡ ಬಂದರು. "ಅವ್ವ ಕಟ್ಟಿದ್ದು. ತಾನಾಗೇ ಉದುರ್ಬೇಕು."

"ಉದುರಾತನ ನಾನಿಲ್ಲೇ ಕುಂತಿರ್ಲೇನ್ರಿ ಸಾಹುಕಾರ್ರೇ? ಬಿಚ್ಚಿ, ಕೇಳಿ, ಮತ್ತೆ ಕಟ್ರಿ. ಐದು ನಿಮಿಷದ ಕೆಲ್ಸ."

"ನಿನ್ ಪೀಪಿ ಸಲುವಾಗಿ ನಮ್ ಮನಿ ದಾರ ಬಿಚ್ಚಬೇಕೇನೋ?"

ಬರ್ರಿ, ಕೂಡ್ರಿ ಎಂದವರು ಏಕವಚನಕ್ಕೆ ಇಳಿದದ್ದನ್ನು ಕೋಣೆಯಲ್ಲಿದ್ದ ಎಲ್ಲರೂ ಗಮನಿಸಿದರು. ಸದಸ್ಯರಲ್ಲಿ ಸಂಗೀತ ಬಲ್ಲವರು ಒಬ್ಬರಿದ್ದರು, ನಿವೃತ್ತ ಸಂಗೀತದ ಮೇಷ್ಟ್ರು. ಅವರು ಕೈಯೆತ್ತಿ ತೀರ್ಪು ಕೊಟ್ಟರು: "ವೇಗ ಹೆಚ್ಚಾದ್ರೇನು, ಕಡಿಮೆಯಾದ್ರೇನು? ಸತ್ವ ಇದ್ರೆ ಯಾವ ವೇಗದಲ್ಲೂ ತಿಳೀತದೆ." ಅವರಿಗಾದರೂ ಸತ್ಯ ಗೊತ್ತಿತ್ತು. ಅವರ ಹಾಡನ್ನೇ ಆ ಓಟದಲ್ಲಿ ತಿರುಗಿಸಿದ್ದರೆ ಮೊದಲು ಎದ್ದು ಹೋಗುತ್ತಿದ್ದವರು ಅವರೇ.

ವಕೀಲರ ಕೋರಿಕೆಯ ಮೇರೆಗೆ ಅದೇ ಮುಖವನ್ನು ಇನ್ನೆರಡು ಸಲ ಹಾಕಿದರು. ಎರಡನೆಯ ಸಲ ಮುಗಿಯುವ ಮೊದಲೇ ಅವರು ಜಗಲಿಯ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದರು. ತಟ್ಟೆ ಅಲ್ಲೇ ಉಳಿಯಿತು.

ನಾನು ಕಳಿಸಿದ ಸುದ್ದಿ ಎರಡು ವಾಕ್ಯ. 'ಹರಿಹರದ ವಾದಕರೊಬ್ಬರ ಪಾಶ್ಚಾತ್ಯ ವಾದ್ಯಸಂಗೀತದ ಧ್ವನಿಮುದ್ರಿಕೆಯನ್ನು ಸಮಿತಿಯು ಆಲಿಸಿತು. ಉತ್ಸವಕ್ಕೆ ಅದು ಸೂಕ್ತವಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಇದರಲ್ಲಿ ಒಂದು ಪದವೂ ಸುಳ್ಳಲ್ಲ. ತೀರ್ಮಾನವನ್ನು ಬರೆಯಬೇಕು, ಪಡಸಾಲೆಯ ಗದ್ದಲವನ್ನಲ್ಲ ಎಂದು ನನಗೆ ಕಲಿಸಿದ್ದರು. ಹಾಗೆಯೇ ಬರೆದೆ.

ಆ ಎರಡು ವಾಕ್ಯ ಏನು ಮಾಡಿದವೆಂದು ಒಂದು ವಾರದಲ್ಲಿ ತಿಳಿಯಿತು. ಹರಿಹರದ ಕಾರ್ಖಾನೆಯೊಂದರ ಕಾರ್ಮಿಕರ ಕ್ಲಬ್ಬಿನವರು ಅವರಿಗೆ ಒಂದು ಸಂಜೆ ಕೊಡುವುದಾಗಿ ಅರ್ಧ ಒಪ್ಪಿದ್ದರು. ಪತ್ರಿಕೆ ಓದಿ ಹಿಂದೆ ಸರಿದರು. ಅದನ್ನು ನನಗೆ ಹೇಳಿದವರು ಆ ಕ್ಲಬ್ಬಿನಲ್ಲಿದ್ದ ಒಬ್ಬ ಫೋರ್‌ಮನ್, ನನ್ನ ಪರಿಚಯದವರು. "ದಾವಣಗೆರಿ ದೊಡ್ಡೋರೇ ಬ್ಯಾಡ ಅಂದಾರೆ, ಪೇಪರ್ನಾಗೆ ಬಂದೈತೆ, ನಾವ್ಯಾಕ ಕೈ ಹಾಕಾದು ಅಂದ್ರು ನಮ್ಮೋರು," ಅಂದರು. ಬ್ಯಾಂಡ್ ಸೆಟ್ಟಿನವರು ಅವರಿಗೆ ಕೋತಿ ಸೈಕಲ್ಲು ಎಂದು ಹೆಸರಿಟ್ಟಿದ್ದರಂತೆ. ಅವರು ಕೆಂಪು ಕೋಟು ಬಿಚ್ಚಿಕೊಟ್ಟು ಬಂದಿದ್ದರು.

ಸಾಹುಕಾರರ ಮನೆಗೆ ಹೋಗಿ ತಟ್ಟೆ ಕೇಳಿ ತೆಗೆದುಕೊಂಡೆ. ಹರಿಹರದ ಬಸ್ಸು ಹತ್ತಿದೆ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅವರ ಮನೆ. ಬಾಗಿಲಲ್ಲಿ ನಿಂತರು, ಒಳಗೆ ಕರೆಯಲಿಲ್ಲ.

"ಏನ್ರಿ ಪೇಪರ್ನೋರು? ಇನ್ನೇನರೆ ಸುದ್ದಿ ಐತಾ ನಮ್ಮನ್ಯಾಗೆ?"

"ತಿದ್ದುಪಡಿ ಹಾಕಿಸ್ತೀನಿ."

"ಏನಂತ? ದಾರ ಕಟ್ಟಿತ್ತು ಅಂತ ಹಾಕಸ್ತೀರಾ? ಹಾಕಿಸ್ರಿ, ಇನ್ನೊಮ್ಮೆ ನಗ್ತಾರೆ." ಆಮೇಲೆ ದನಿ ತಗ್ಗಿಸಿದರು. "ಒಂದು ಹೇಳ್ರಿ. ಅದು ನಲವತ್ತೈದು ಅಂತ ನಿಮಗೆ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು."

"ಮತ್ಯಾಕ ಬಾಯಿ ಬಿಡ್ಲಿಲ್ಲ?"

"ವರದಿಗಾರ ಸಭೆಯಲ್ಲಿ ಮಾತಾಡಬಾರದು."

ಅವರು ಮೇಲುದುಟಿ ಬಿಗಿಹಿಡಿದು ನಕ್ಕರು. "ಭಾಳ ಚಲೋ ನೌಕ್ರಿ ನಿಮ್ದು. ಕಿವಿ ಇರ್ಬೇಕು, ಬಾಯಿ ಇರಬಾರ್ದು. ಅವ್ರು ಏಳು ಜನ ತಿಳೀದೆ ನಕ್ರು. ನೀವೊಬ್ರು ತಿಳಿದು ಸುಮ್ನಿದ್ರಿ. ಅವ್ರನ್ನ ಒಂದಿನ ಮರೀತೀನಿ ನೋಡ್ರಿ."

ನಾನು ತಟ್ಟೆ ಚಾಚಿದೆ. ಅವರು ಮುಟ್ಟಲಿಲ್ಲ. ಆಗ ಹೇಳಿದ ಮಾತು ನನಗೆ ಗೊತ್ತೇ ಇರದ ಸಂಗತಿ. ತಟ್ಟೆ ಅಚ್ಚಾಗುವ ಮೊದಲೇ ಅವರು ಬೊಂಬಾಯಿ ಬಿಟ್ಟಿದ್ದರು. ಪಿಯಾನೋದವನು ಅದನ್ನು ಅಂಚೆಯಲ್ಲಿ ಕಳಿಸಿದ. ಹಾಕಿ ಕೇಳಲು ಮನೆಯಲ್ಲಿ ಯಂತ್ರವಿರಲಿಲ್ಲ. ಯಾರ ಮನೆಗೆ ಒಯ್ಯಲೂ ಮನಸ್ಸಾಗಲಿಲ್ಲ. "ನಾನೇ ಬಾರಿಸಿದ್ದನ್ನ ನಾನು ಕೇಳಿದ್ದು ಆವತ್ತೇ ಮೊದ್ಲು. ಸಾಹುಕಾರ್ರ ಪಡಸಾಲ್ಯಾಗೆ." ಹಾಗೆಂದು ಬಾಗಿಲು ಹಾಕಿಕೊಂಡರು.

ಫೋರ್‌ಮನ್ನರ ಬಳಿ ಮೂರು ಓಟದ ಒಂದು ಸಣ್ಣ ಯಂತ್ರವಿತ್ತು. ಕಾರ್ಖಾನೆಯ ವಸತಿಯಲ್ಲಿದ್ದ ಅವರ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ತಟ್ಟೆ ಹಾಕುವುದೆಂದು ಗೊತ್ತುಮಾಡಿ, ವಾದಕರಿಗೆ ಚೀಟಿ ಕಳಿಸಿದೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಗಣೇಶನ ಹಬ್ಬ ಮುಗಿದಿತ್ತು. ಖಾಲಿ ಸಂಜೆಯನ್ನು ಸಮಿತಿಯವರು ಭಾಷಣಗಳಿಂದ ತುಂಬಿದ್ದರು. ಆ ಭಾನುವಾರ ನಾವು ಯಂತ್ರ ತೆರೆಯುವ ಹೊತ್ತಿಗೆ ಅವರು ಬಂದರು. ಬಾಯಿಗೆ ಅಡ್ಡವಾಗಿ ಟವೆಲ್ ಹಿಡಿದಿದ್ದರು. ಕುರ್ಚಿ ಕೊಟ್ಟರೂ ಕೂರದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ಮೊದಲ ಮುಖ ಹಾಳಾಗಿತ್ತು. ಹಳೆಯ ತಟ್ಟೆಗಳ ದಪ್ಪ ಮುಳ್ಳು ಮೂರು ಸಲ ಉತ್ತು ಹೋಗಿತ್ತು. ಬರೀ ಕರಕರ ಸದ್ದು. ಫೋರ್‌ಮನ್ನರು ತಟ್ಟೆ ಮಗುಚಿದರು. ಆ ಮುಖವನ್ನು ಸಮಿತಿ ಮುಟ್ಟಿರಲಿಲ್ಲ.

ಅದರಲ್ಲಿ ಎರಡು ರಚನೆಗಳಿದ್ದವು. ಮೊದಲನೆಯದು ನಿಧಾನದ್ದು. ಪಿಯಾನೋ, ದೊಡ್ಡ ತಂತಿವಾದ್ಯ, ಡ್ರಮ್ಮು ಮೂರೂ ಹೊರಡುತ್ತವೆ. ಸ್ಯಾಕ್ಸೋಫೋನ್ ಬರುವ ಜಾಗ ಬರುತ್ತದೆ, ಅದು ಬರುವುದಿಲ್ಲ. ವಾದಕ ತಪ್ಪಿದ ಎಂದು ನಮಗೆ ಖಾತ್ರಿಯಾಗುವ ಹೊತ್ತಿಗೆ ಮೊದಲು ಉಸಿರು ಕೇಳುತ್ತದೆ, ಆಮೇಲೆ ತಳದ ಒಂದು ಸ್ವರ. ಅದು ಹಿತ್ತಾಳೆಯ ದನಿಯಲ್ಲ. ನಡುವಯಸ್ಸಿನ ಗಂಡಸು ಎದೆಯಿಂದ ಮಾತಾಡುವ ದನಿ. ಮೂರು ಸ್ವರದ ಒಂದು ಚಿಕ್ಕ ಮಾತನ್ನು ಆರೇಳು ಸಲ ಹೇಳುತ್ತಾರೆ. ಪ್ರತಿಸಲವೂ ಒತ್ತು ಬೀಳುವ ಸ್ವರ ಬೇರೆ, ಹಾಗಾಗಿ ಪ್ರತಿಸಲವೂ ಅರ್ಥ ಬೇರೆ. ಒಮ್ಮೆ ಪ್ರಶ್ನೆ, ಒಮ್ಮೆ ಆಕ್ಷೇಪ, ಒಮ್ಮೆ ಸಾಕು ಬಿಡು ಎಂಬಂಥ ಬೇಸರ. ಎಲ್ಲೂ ಕೈಚಳಕ ತೋರಿಸುವುದಿಲ್ಲ. ಎರಡನೆಯದು ವೇಗದ್ದು. ಉಳಿದವರು ಓಡುತ್ತಾರೆ, ಇವರು ಅವರ ನಡುವೆ ನಡೆದುಕೊಂಡು ಹೋಗುತ್ತಾರೆ, ಆದರೂ ಹಿಂದೆ ಬೀಳುವುದಿಲ್ಲ. ಕೊನೆಯ ಸ್ವರವನ್ನು ತೆಳ್ಳಗೆ ಮಾಡುತ್ತ ಮಾಡುತ್ತ ಬರೀ ಗಾಳಿ ಉಳಿಯುವಲ್ಲಿಗೆ ತಂದು ಬಿಡುತ್ತಾರೆ. ಬೇರೆಯವರ ಎಷ್ಟೋ ತಟ್ಟೆಗಳನ್ನು ಆಮೇಲೆ ಹುಡುಕಿ ಕೇಳಿದೆ. ಹೆಸರು ಮಾಡಿದವರಲ್ಲಿಯೂ ಆ ಸಂಯಮವನ್ನು ಕಂಡದ್ದು ಕಡಿಮೆ.

ಶೇಂಗಾ ಸುಲಿಯುತ್ತ ಕೂತಿದ್ದ ಫೋರ್‌ಮನ್ನರ ಹೆಂಡತಿಯ ಕೈ ಯಾವಾಗಲೋ ನಿಂತಿತ್ತು. "ಏನೋಪ್ಪಾ," ಅಂದರು, "ನಮ್ಮೋರೇ ಯಾರೋ ಕುಂದ್ರಿಸ್ಕೊಂಡು ಬೈದಂಗೈತೆ."

ಅವರು ಆಕೆಯ ಕಡೆ ತಿರುಗಿದರು. ನಮ್ಮ ಮೂವರಲ್ಲಿ ಆಕೆಯೊಬ್ಬರಿಗೇ ಉತ್ತರ ಸಿಕ್ಕಿದ್ದು. "ಹೌದ್ರಿ ತಾಯಿ. ಬೈದಿದ್ದೇ ಅದು."

"ಅಣ್ಣಾರೇ," ಫೋರ್‌ಮನ್ನರು ಎದ್ದರು, "ಕ್ಲಬ್ಬಿನೋರು ಹಾಳಾಗಿ ಹೋಗ್ಲಿ. ವಾದ್ಯ ತಗಂಬರ್ರಿ. ನಮ್ ಅಂಗಳದಾಗೆ ಬಾರಿಸ್ರಿ. ಇಡೀ ಕ್ವಾಟ್ರಸ್ಸು ಕರಿತೀನಿ, ಯಾವಾನು ಬ್ಯಾಡ ಅಂತಾನೋ ನೋಡಾಣ."

ಅವರು ಟವೆಲ್ ತೆಗೆದರು. ಮೇಲಿನ ಮುಂದಿನ ಹಲ್ಲುಗಳಿರಲಿಲ್ಲ. ವಸಡು ಇನ್ನೂ ಹಸಿಯಾಗಿತ್ತು.

"ಗುರುವಾರ ತೆಗೆಸಿದೆ. ಯಾವ ಸಂಜಿ ಸಲುವಾಗಿ ಇಟ್ಕಬೇಕಿತ್ತು?"

ಅವರು ತಟ್ಟೆಯನ್ನು ಹೊದಿಕೆಗೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡರು. ಗೇಟಿನವರೆಗೆ ಹಿಂದೆಯೇ ಹೋಗಿ, ಈ ತಟ್ಟೆಯ ಬಗ್ಗೆ ಬರೆಯುತ್ತೇನೆ ಎಂದೆ.

"ಬರೀರಿ. ಆದ್ರೆ ಮೊದಲ್ನೇ ಸಾಲಾಗೆ, ಆವತ್ತು ನೀವು ಅಲ್ಲಿ ಕುಂತಿದ್ರಿ, ಓಟ ತಪ್ಪೈತೆ ಅಂತ ನಿಮಗೆ ಗೊತ್ತಿತ್ತು ಅಂತ ಬರೀರಿ. ಆಮ್ಯಾಲೆ ಬೇಕಾದ್ದು ಬರ್ಕಳ್ರಿ."

ಬರೆದೆ. ಮೊದಲ ಸಾಲಿನಲ್ಲೇ ಬರೆದೆ. ಕಚೇರಿಯಲ್ಲಿ ಆ ಸಾಲು ಹೊಡೆದುಹಾಕಿದರು. ವರದಿಗಾರನ ಸ್ವಂತ ಕಥೆ ಓದುಗರಿಗೆ ಬೇಡ ಎಂದು ಕಾರಣ ತಿಳಿಸಿದರು. ಅಚ್ಚಾಗುವ ಮೊದಲು ನನಗೆ ಅದು ಗೊತ್ತಾಯಿತು. ಲೇಖನ ಹಿಂದಕ್ಕೆ ಪಡೆಯಬಹುದಿತ್ತು. ಪಡೆಯಲಿಲ್ಲ. ಹೊಗಳಿಕೆಯಾದರೂ ಜನಕ್ಕೆ ತಲುಪಲಿ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರದ ಪುಟದಲ್ಲಿ ಲೇಖನ ಬಂತು. ಊರಿನವರು ಚೆನ್ನಾಗಿದೆ ಎಂದರು. ಸಂಗೀತದ ಮೇಷ್ಟ್ರು ಕೂಡ ಹಾಗೆಂದರು.

ಕೆಲವು ವಾರಗಳ ಮೇಲೆ ಹರಿಹರದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ನಂದಿಗುಡಿಯ ಬಸ್ಸಿಗೆ ಕಾಯುತ್ತಿದ್ದರು. ಗದ್ದೆಯ ಕೆಲಸಕ್ಕೆ ತಮ್ಮನ ಜೊತೆ ಸೇರಿದ್ದರಂತೆ. ಲೇಖನ ಓದಿದಿರಾ ಎಂದು ನಾನೇ ಕೇಳಿದೆ. ಕೇಳಬಾರದಿತ್ತು.

"ಓದಿಸ್ಕಂಡು ಕೇಳಿದೆ," ಅಂದರು. ಹಲ್ಲಿಲ್ಲದ ಬಾಯಲ್ಲಿ ಮಾತು ಗಾಳಿಯಾಗಿ ಹೊರಬರುತ್ತಿತ್ತು. "ಭಾಳ ಹೊಗಳೀರಿ. ನಾನು ಕೇಳಿದ್ದು ಒಂದೇ ಸಾಲು."

ಬಸ್ಸು ಬಂತು. ಅವರು ಹತ್ತಿ ಆಚೆ ಬದಿಯ ಕಿಟಕಿಯ ಪಕ್ಕ ಕೂತರು. ನಾನು ಈಚೆ ಬದಿಯಲ್ಲಿ ನಿಂತಿದ್ದೆ.